ಕಂಪ್ಯೂಟರ್ ವಿಜ್ಞಾನ ಶಿಕ್ಷಣ ಸಪ್ತಾಹ: ಶಾಲೆ, ಕಾಲೇಜುಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಮುಗಿಯುತ್ತಾ ಬಂದಂತೆ ಸುತ್ತಮುತ್ತಲ ಶಾಲೆಗಳ ಶಿಕ್ಷಕರಿಂದ ಫೋನ್ ಬರಲು ಶುರುವಾಗುತ್ತದೆ. "ಸರ್, ಈ ವರ್ಷ ನಮ್ಮಲ್ಲೂ ಕಂಪ್ಯೂಟರ್ ಸಪ್ತಾಹ ಮಾಡೋಣ ಅಂತಿದ್ದೀವಿ. ಏನೇನು ಮಾಡಿಸಬಹುದು?" ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಕೆಲವು ವರ್ಷಗಳಿಂದ ಮಕ್ಕಳ ಜೊತೆ ಈ ಸಪ್ತಾಹ ಮಾಡುತ್ತಾ ಬಂದಿದ್ದೇನೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಯಾವ ಸಪ್ತಾಹ? ಡಿಸೆಂಬರ್‌ನಲ್ಲೇ ಯಾಕೆ?

ಗ್ರೇಸ್ ಹಾಪರ್ ಎಂಬ ಅಮೆರಿಕದ ಗಣಿತಜ್ಞೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು. ಅವರು ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದರು. ಮನುಷ್ಯರಿಗೆ ಅರ್ಥವಾಗುವ ಮಾತಿನಲ್ಲಿ ಬರೆದದ್ದನ್ನು ಯಂತ್ರದ ಭಾಷೆಗೆ ಬದಲಿಸುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬಹುದು ಎಂದು ಮೊದಲೇ ಕಂಡುಕೊಂಡವರಲ್ಲಿ ಅವರೂ ಒಬ್ಬರು. ಅವರ ಹುಟ್ಟುಹಬ್ಬ ಬರುವ ವಾರವನ್ನು 2009ರಿಂದ ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನ ಶಿಕ್ಷಣ ಸಪ್ತಾಹವಾಗಿ ಆಚರಿಸುತ್ತಿದ್ದಾರೆ. 2013ರಲ್ಲಿ ಕೋಡ್ ಡಾಟ್ ಆರ್ಗ್ ಸಂಸ್ಥೆ ಇದೇ ವಾರಕ್ಕೆ 'ಅವರ್ ಆಫ್ ಕೋಡ್' ಶುರು ಮಾಡಿತು. ಪ್ರತಿ ಮಗುವೂ ಒಂದು ಗಂಟೆಯಾದರೂ ಕೋಡ್ ಬರೆದು ನೋಡಲಿ ಎಂಬುದು ಅದರ ಆಸೆ. ಆಮೇಲೆ ಇದು ಬೇರೆ ದೇಶಗಳಿಗೂ ಹರಡಿತು.

ನಮ್ಮಲ್ಲಿ ಡಿಸೆಂಬರ್ ಎಂದರೆ ಪ್ರವಾಸ, ವಾರ್ಷಿಕೋತ್ಸವ. ಆ ವಾರವೇ ಆಗಬೇಕು ಅಂತೇನೂ ಇಲ್ಲ. ಡಿಸೆಂಬರ್ 22 ರಾಷ್ಟ್ರೀಯ ಗಣಿತ ದಿನ, ಅದರ ಜೊತೆಗೆ ಸೇರಿಸಿಕೊಳ್ಳಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಹತ್ತು ದಿನ ಬ್ಯಾಗ್ ಇಲ್ಲದೆ ಕಲಿಯುವ ಅವಕಾಶ ಇರಲಿ ಎನ್ನುತ್ತದೆ. ಅದರಲ್ಲಿ ಎರಡು ದಿನ ಇದಕ್ಕೆ ಕೊಟ್ಟರೂ ಸಾಕು.

ನಮ್ಮ ಶಾಲೆಯಲ್ಲಿ ಕಂಪ್ಯೂಟರೇ ಇಲ್ಲ. ಇದ್ದ ಎರಡೂ ಕೆಟ್ಟು ಕೂತಿವೆ. ನಾವು ಹೇಗೆ ಆಚರಿಸೋದು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಂದು ವರ್ಷ ಒಂದು ಶಾಲೆಯಲ್ಲಿ ದೊಡ್ಡದಾಗಿ ತಯಾರಿ ಮಾಡಿಕೊಂಡಿದ್ದೆವು. ಪ್ರೊಜೆಕ್ಟರ್ ತಂದಿದ್ದೆವು, ಲ್ಯಾಪ್‌ಟಾಪ್ ಬಾಡಿಗೆಗೆ ತೆಗೆದುಕೊಂಡಿದ್ದೆವು. ಹತ್ತೂವರೆಗೆ ಕರೆಂಟ್ ಹೋಯಿತು. ಸಂಜೆವರೆಗೂ ಬರಲಿಲ್ಲ. 60 ಮಕ್ಕಳು ನಮ್ಮ ಮುಖ ನೋಡುತ್ತಾ ಕೂತಿದ್ದರು. ಏನೂ ತೋಚದೆ ಐದು ರಟ್ಟಿನ ಹಾಳೆ ತೆಗೆದು 16, 8, 4, 2, 1 ಎಂದು ಬರೆದು ಐದು ಮಕ್ಕಳ ಕೈಗೆ ಕೊಟ್ಟೆ. ಸಾಲಾಗಿ ನಿಲ್ಲಿಸಿದೆ. ಹಾಳೆ ಎತ್ತಿದರೆ 1, ಇಳಿಸಿದರೆ 0. "13 ಮಾಡಿ" ಎಂದೆ. ಒಂದು ನಿಮಿಷ ಗಲಾಟೆ. ಆಮೇಲೆ 8, 4, 1 ಮೇಲೆದ್ದವು. ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಎದ್ದು, "ಸರ್, ಎಲ್ಲಾ ಎತ್ತಿದ್ರೆ 31. ಹಾಗಾದ್ರೆ ಯಾವ ತಿಂಗಳ ಯಾವ ತಾರೀಕು ಬೇಕಾದ್ರೂ ಮಾಡಬಹುದು, ಅಲ್ವಾ?" ಎಂದಳು. ಆ ದಿನ ಎಲ್ಲರೂ ತಮ್ಮ ತಮ್ಮ ಹುಟ್ಟಿದ ತಾರೀಕನ್ನು ಸೊನ್ನೆ ಒಂದುಗಳಲ್ಲಿ ಬರೆದುಕೊಂಡು ಮನೆಗೆ ಹೋದರು. ಕೆಲವರು ಐದು ಬೆರಳಲ್ಲಿ ಎಣಿಸುವುದನ್ನೂ ಕಲಿತರು. ಒಂದು ಕೈಯಲ್ಲಿ 31ರವರೆಗೆ, ಎರಡು ಕೈಯಲ್ಲಿ 1023ರವರೆಗೆ ಎಣಿಸಬಹುದು.

ಪ್ರೊಜೆಕ್ಟರ್ ಕೆಲಸ ಮಾಡಿದ್ದರೆ ಆ ಹುಡುಗಿ ಎದ್ದು ನಿಲ್ಲುತ್ತಿದ್ದಳೋ ಇಲ್ಲವೋ. ಆವತ್ತಿನಿಂದ ನಾನು ಮೊದಲ ದಿನ ಕಂಪ್ಯೂಟರ್ ಹಚ್ಚುವುದೇ ಇಲ್ಲ, ಲ್ಯಾಬ್ ಇರುವ ಶಾಲೆಯಲ್ಲೂ ಅಷ್ಟೇ.

ಹೀಗೆ ಯಂತ್ರವಿಲ್ಲದೆ ಕಲಿಸುವ ದೊಡ್ಡ ಪರಂಪರೆಯೇ ಇದೆ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಜೊತೆಗಾರರು ರೂಪಿಸಿದ 'ಸಿಎಸ್ ಅನ್‌ಪ್ಲಗ್ಡ್' ಚಟುವಟಿಕೆಗಳನ್ನು ಹಲವು ದೇಶಗಳ ಶಿಕ್ಷಕರು ಬಳಸುತ್ತಾರೆ. ಮೇಲೆ ಹೇಳಿದ ಕಾರ್ಡಿನ ಆಟವೂ ಅಲ್ಲಿಯದೇ. ನಮ್ಮ ದೇಶದಲ್ಲಿ ಕಂಪ್ಯೂಟರ್ ಕ್ಷೇತ್ರದವರ ಸಂಘವಾದ ಎಸಿಎಂ ಇಂಡಿಯಾದವರ 'ಸಿಎಸ್‌ಪಾಠಶಾಲಾ' ಇದೇ ದಾರಿಯಲ್ಲಿ ಶಾಲೆಗಳಿಗೆ ಪಾಠ ತಯಾರಿಸುತ್ತಿದೆ.

ಮೊದಲ ದಿನಕ್ಕೆ ಒಂದೇ ಒಂದು ಚಟುವಟಿಕೆ ಹೇಳಿ ಅಂದರೆ?

ಚುರುಮುರಿ. ಮಂಡಕ್ಕಿ, ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಖಾರದ ಪುಡಿ, ಕೊತ್ತಂಬರಿ, ನಿಂಬೆಹಣ್ಣು ಮೇಜಿನ ಮೇಲಿಡಿ. ಚುರುಮುರಿ ಮಾಡುವುದು ಹೇಗೆ ಎಂದು ಮಕ್ಕಳು ಗುಂಪಾಗಿ ಬರೆಯಲಿ. ಶಿಕ್ಷಕರು ಯಂತ್ರ. ಬರೆದದ್ದನ್ನು ಅಕ್ಷರಶಃ ಮಾಡುವುದಷ್ಟೇ ಯಂತ್ರದ ಕೆಲಸ. "ಈರುಳ್ಳಿ ಹಾಕಿ" ಎಂದು ಬರೆದಿದ್ದರೆ ಇಡೀ ಈರುಳ್ಳಿಯನ್ನೇ ಪಾತ್ರೆಗೆ ಹಾಕಬೇಕು, ಸಿಪ್ಪೆ ಸಮೇತ. "ಚೆನ್ನಾಗಿ ಕಲಸಿ" ಎಂದಿದ್ದರೆ ಎಷ್ಟು ಹೊತ್ತು ಎಂದು ಕೇಳಬೇಕು. ಹೇಳದಿದ್ದರೆ ಕಲಸುತ್ತಲೇ ಇರಬೇಕು.

ಮಕ್ಕಳು ನಕ್ಕು ನಕ್ಕು ಸುಸ್ತಾಗುತ್ತಾರೆ. ಆದರೆ ಎರಡನೇ ಸಲ ಬರೆಯುವಾಗ ನೋಡಿ. "ಎರಡು ಈರುಳ್ಳಿ ತೆಗೆದುಕೊಳ್ಳಿ. ಸಿಪ್ಪೆ ತೆಗೆಯಿರಿ. ಸಣ್ಣಗೆ ಹೆಚ್ಚಿ. ಹತ್ತು ಸಲ ಕಲಸಿ." ಹಂತ, ಕ್ರಮ, ಎಷ್ಟು ಸಲ, ಎಲ್ಲಿ ನಿಲ್ಲಿಸಬೇಕು, ಎಲ್ಲವೂ ತಾವಾಗಿಯೇ ಬಂದುಬಿಡುತ್ತವೆ. ತಪ್ಪು ಮಾಡಿದವರಿಗೆ ಬೈಗುಳ ಇಲ್ಲ, ತಿದ್ದುವುದು ಮಾತ್ರ. ಪ್ರೋಗ್ರಾಮ್ ಬರೆಯುವವರ ದಿನನಿತ್ಯದ ಕೆಲಸವೇ ಅದು. ಕೊನೆಗೆ ಚುರುಮುರಿಯಂತೂ ಸಿಗುತ್ತದೆ. ಚಾಕು ಮಾತ್ರ ದೊಡ್ಡವರ ಕೈಯಲ್ಲಿರಲಿ.

ರಂಗೋಲಿ ಸ್ಪರ್ಧೆ ಇಡಬಹುದಾ? ಹೆಡ್ ಮಿಸ್ ಕೇಳುತ್ತಿದ್ದಾರೆ.

ಖಂಡಿತ ಇಡಿ. ಆದರೆ ಕಂಪ್ಯೂಟರಿನ ಚಿತ್ರ ಬಿಡಿಸುವ ರಂಗೋಲಿ ಬೇಡ. ಚುಕ್ಕಿ ರಂಗೋಲಿಯೇ ಕಂಪ್ಯೂಟರ್ ವಿಜ್ಞಾನ.

ರಂಗೋಲಿ ಪುಸ್ತಕದಲ್ಲಿ "9 ಚುಕ್ಕಿ, 5ರವರೆಗೆ, ಸಂದು ಚುಕ್ಕಿ" ಎಂದಷ್ಟೇ ಬರೆದಿರುತ್ತಾರೆ. ಅಷ್ಟರಿಂದಲೇ ನಮ್ಮ ಅಕ್ಕ, ಅಮ್ಮಂದಿರು ಪೂರ್ತಿ ಚುಕ್ಕಿ ಇಡುತ್ತಾರೆ. ಮಧ್ಯದ ಸಾಲಿನಲ್ಲಿ 9. ಮೇಲೆ ಕೆಳಗೆ ಪ್ರತಿ ಸಾಲಿನಲ್ಲೂ ಒಂದೊಂದು ಕಡಿಮೆ. 5 ಬಂದಾಗ ನಿಲ್ಲಿಸು. ಎಲ್ಲಿಂದ ಶುರು, ಪ್ರತಿ ಸುತ್ತಿನಲ್ಲಿ ಏನು ಬದಲಾಗುತ್ತದೆ, ಯಾವಾಗ ನಿಲ್ಲಬೇಕು, ಮೂರೂ ಅಷ್ಟು ಚಿಕ್ಕ ಸಾಲಿನಲ್ಲಿವೆ. ಪಠ್ಯದಲ್ಲಿ 'ಲೂಪ್' ಅನ್ನುವುದು ಇದನ್ನೇ. ಒಟ್ಟು ಎಷ್ಟು ಚುಕ್ಕಿ ಎಂದು ಮಕ್ಕಳಿಗೆ ಕೇಳಿ. 61 ಬರಬೇಕು. ನೇರ ಚುಕ್ಕಿಯಾದರೆ ಲೆಕ್ಕ ಹೇಗೆ ಬದಲಾಗುತ್ತದೆ ಎಂದೂ ಕೇಳಿ.

ಇದು ನಾನು ಸುಮ್ನೆ ತಳುಕು ಹಾಕಿದ ಹೋಲಿಕೆ ಅಲ್ಲ. 1970ರ ದಶಕದಲ್ಲೇ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಜೊತೆಗಾರರು ತಮಿಳುನಾಡಿನ ಕೋಲಂ ರಂಗೋಲಿಗೆ ಕಂಪ್ಯೂಟರ್ ವಿಜ್ಞಾನದ ವ್ಯಾಕರಣ ಬರೆದು ಸಂಶೋಧನಾ ಪ್ರಬಂಧ ಪ್ರಕಟಿಸಿದ್ದರು.

ಸ್ಪರ್ಧೆ ಹೀಗೆ ಮಾಡಿ. ಇಬ್ಬಿಬ್ಬರ ಜೋಡಿ. ಒಬ್ಬರ ಕೈಯಲ್ಲಿ ರಂಗೋಲಿಯ ಚಿತ್ರ, ಇನ್ನೊಬ್ಬರ ಕೈಯಲ್ಲಿ ಚಾಕ್‌ಪೀಸ್. ಬೆನ್ನಿಗೆ ಬೆನ್ನು ಹಾಕಿ ಕೂರಬೇಕು. ಬಾಯಿಮಾತಿನಲ್ಲೇ ಹೇಳಿ ಬಿಡಿಸಬೇಕು. ಯಾರ ರಂಗೋಲಿ ಚೆಂದ ಎಂಬುದಕ್ಕಲ್ಲ, ಯಾರ ಮಾತು ಸ್ಪಷ್ಟ ಎಂಬುದಕ್ಕೆ ಅಂಕ.

ಧಾರವಾಡದ ಕಡೆಯವರಾದರೆ ಕಸೂತಿ ತೆಗೆದುಕೊಳ್ಳಿ. ಎಳೆ ಎಣಿಸಿ ಹಾಕುವ ಹೊಲಿಗೆ ಅದು. ಗವಂತಿ ಹೊಲಿಗೆ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಸೂಜಿ ಯಾವ ದಾರಿ ಹಿಡಿದು ಹೋಗಿ ಹೇಗೆ ವಾಪಸ್ ಬರಬೇಕು ಎಂಬುದು ಒಳ್ಳೆಯ ಲೆಕ್ಕದ ಪ್ರಶ್ನೆ. ಕಸೂತಿ ಗೊತ್ತಿರುವ ಅಜ್ಜಿಯೊಬ್ಬರನ್ನು ಕರೆಸಿ. ಆ ದಿನದ ಸಂಪನ್ಮೂಲ ವ್ಯಕ್ತಿ ಅವರೇ ಆಗಲಿ.

ಗ್ರೇಸ್ ಹಾಪರ್ ಬಗ್ಗೆ ಭಾಷಣ ಸ್ಪರ್ಧೆ ಇಟ್ಟರೆ ಹೇಗೆ?

ಭಾಷಣಕ್ಕಿಂತ ತಂತಿ ತುಂಡು ಒಳ್ಳೆಯದು. ಹಾಪರ್ ಅವರು ಉಪನ್ಯಾಸಕ್ಕೆ ಹೋದಾಗ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ, ಬೆಳಕು ಸಾಗುವ ದೂರ ಅಷ್ಟು. ಪ್ರತಿ ಮಗುವಿಗೂ ಒಂದು ತುಂಡು ಕೊಡಿ. ದಾರವಾದರೂ ಸರಿ. ಒಂದು ಮೈಕ್ರೊಸೆಕೆಂಡಿಗೆ ಸುಮಾರು 300 ಮೀಟರ್ ಬೇಕು. ಶಾಲೆಯ ಗೇಟಿನಿಂದ 300 ಮೀಟರ್ ಅಳೆದುಕೊಂಡು ಎಲ್ಲರೂ ನಡೆದು ಬನ್ನಿ. ಆ ದಿನ ಕಲಿತದ್ದನ್ನು ಮಕ್ಕಳು ಮರೆಯುವುದಿಲ್ಲ.

'ಬಗ್' ಕಥೆಯನ್ನೂ ಹೇಳಿ, ಆದರೆ ಸರಿಯಾಗಿ ಹೇಳಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಯಂತ್ರದಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆ ಪುಟ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆದರೆ ತಪ್ಪಿಗೆ 'ಬಗ್' ಎನ್ನುವ ಮಾತು ಅದಕ್ಕಿಂತ ಎಷ್ಟೋ ಹಿಂದಿನದು. ಹಾಪರ್ ಆ ಪದವನ್ನು ಹುಟ್ಟುಹಾಕಿದರು ಎಂದು ಚಾರ್ಟಿನಲ್ಲಿ ಬರೆಸಬೇಡಿ.

ಗ್ರಂಥಾಲಯವನ್ನೂ ಸೇರಿಸಿಕೊಳ್ಳಬಹುದಾ?

ಒಂದು ಪೀರಿಯಡ್ಡಿಗೆ ಒಳ್ಳೆಯ ಕೆಲಸ ಇದೆ. ಪುಸ್ತಕದ ಹಿಂದೆ 13 ಅಂಕಿಯ ಐಎಸ್‌ಬಿಎನ್ ಸಂಖ್ಯೆ ಇರುತ್ತದೆ. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮತ್ತೆ 1ರಿಂದ, ಮತ್ತೆ 3ರಿಂದ ಹೀಗೆ ಗುಣಿಸುತ್ತಾ ಹೋಗಿ ಎಲ್ಲವನ್ನೂ ಕೂಡಿಸಿ. ಉತ್ತರದ ಕೊನೆಯ ಅಂಕಿ ಸೊನ್ನೆಯೇ ಆಗಬೇಕು. ಆಗದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಿದೆ. ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಇಂಥ ಕಾವಲುಗಾರನೇ, ಅದರ ಲೆಕ್ಕ ಬೇರೆ.

9ನೇ ತರಗತಿಯ ಚುರುಕು ಮಕ್ಕಳಿಗೆ ಇನ್ನೊಂದು ಪ್ರಶ್ನೆ ಕೊಡಿ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಈ ಲೆಕ್ಕ ಸಾಮಾನ್ಯವಾಗಿ ಹಿಡಿಯುತ್ತದೆ. ಕೆಲವು ಸಲ ಮಾತ್ರ ಹಿಡಿಯುವುದಿಲ್ಲ. ಯಾವಾಗ? ಎರಡರ ನಡುವಿನ ವ್ಯತ್ಯಾಸ 5 ಆದಾಗ. ಉತ್ತರವನ್ನು ನೀವಾಗಿ ಹೇಳಬೇಡಿ.

ನಮ್ಮದು ಕನ್ನಡ ಮಾಧ್ಯಮ. ಕಂಪ್ಯೂಟರ್ ಕಲಿಯಲು ಇಂಗ್ಲಿಷ್ ಬೇಕಲ್ವಾ?

ಮುಂದೆ ಬೇಕಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಶುರು ಮಾಡಲು ಬೇಡ. ಯೋಚನೆ ಬರುವ ಭಾಷೆಯಲ್ಲೇ ಯೋಚಿಸಲು ಬಿಡಿ. ಇಂಗ್ಲಿಷ್ ಪದ ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಎಷ್ಟೋ ಜಾಣ ಮಕ್ಕಳು ಕೈ ಎತ್ತುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕನ್ನಡವನ್ನೇ ಪಾಠದ ವಿಷಯ ಮಾಡಿಕೊಳ್ಳಿ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಅದರ ಹೆಸರು ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 128 ಸಂಕೇತಗಳದು. 'ಅ' ಎಂದರೆ 3205, 'ಕ' ಎಂದರೆ 3221. 'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರ ಎಂದು ಮಕ್ಕಳನ್ನು ಕೇಳಿ. ಮೂರು ಎನ್ನುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಕೇಳಿ. ಐದು ಎನ್ನುತ್ತದೆ. ಯಾಕೆ? ಕ, ನ, ಹಲಂತದ ಗುರುತು, ಮತ್ತೊಂದು ನ, ಡ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ. ನಮ್ಮ ಒತ್ತಕ್ಷರಗಳು ಒಳಗೆ ಹೇಗೆ ಕೂತಿವೆ ಎಂದು ಕನ್ನಡ ಮೇಷ್ಟ್ರು, ಕಂಪ್ಯೂಟರ್ ಮೇಷ್ಟ್ರು ಇಬ್ಬರೂ ಸೇರಿ ಪಾಠ ಮಾಡಬಹುದು. ವ್ಯಾಕರಣದ ಪೀರಿಯಡ್ಡಿನಲ್ಲಿ ಮಕ್ಕಳು ಅಷ್ಟು ಆಸೆಯಿಂದ ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಇನ್ನೊಂದು ಖುಷಿಯ ವಿಷಯ. ಪೈಥಾನ್ 3ರಲ್ಲಿ ವೇರಿಯಬಲ್ (ಸಂಖ್ಯೆ, ಪದಗಳನ್ನು ತುಂಬಿಡುವ ಡಬ್ಬಿಯಂಥದ್ದು) ಹೆಸರನ್ನು ಕನ್ನಡದಲ್ಲೇ ಇಡಬಹುದು. 'ಅಂಕ', 'ಒಟ್ಟು', 'ಬೆಲೆ' ಎಂದು ಬರೆದರೆ ಅದು ಒಪ್ಪಿಕೊಳ್ಳುತ್ತದೆ. '೨೫' ಎಂದು ಕನ್ನಡ ಅಂಕಿಯಲ್ಲಿ ಟೈಪ್ ಮಾಡಿ ಸಂಖ್ಯೆಯಾಗಿ ಬದಲಿಸು ಎಂದರೂ ಅದಕ್ಕೆ ಅರ್ಥವಾಗುತ್ತದೆ. ಮಕ್ಕಳಿಂದಲೇ ಮಾಡಿಸಿ ನೋಡಿ.

ಕೆ.ಪಿ. ರಾವ್ ಅವರ ಬಗ್ಗೆಯೂ ಹೇಳಿ. ಕಾಗುಣಿತದ ತರ್ಕವನ್ನೇ ಹಿಡಿದು ಅವರು ಕೀಲಿಮಣೆಯ ವಿನ್ಯಾಸ ಮಾಡಿದರು. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶ ಬಳಸುವ ಕೈಗಳು ಇಂದಿಗೂ ಆ ದಾರಿಯಲ್ಲೇ ಓಡುತ್ತವೆ.

ಲ್ಯಾಬ್ ಇದೆ. ಆದರೆ 10 ಕಂಪ್ಯೂಟರ್, 45 ಮಕ್ಕಳು.

ಅರ್ಧ ಮಕ್ಕಳು ಹೊರಗೆ ಕಾಗದದ ಕೆಲಸ ಮಾಡಲಿ, ಅರ್ಧ ಒಳಗೆ. ಒಂದು ಕಂಪ್ಯೂಟರಿಗೆ ಇಬ್ಬರು, ಹೆಚ್ಚೆಂದರೆ ಮೂವರು. ಒಬ್ಬರು ಕೈ, ಇನ್ನೊಬ್ಬರು ಬಾಯಿ. ಅಂದರೆ ಹೇಳುವವರು ಮೌಸ್ ಮುಟ್ಟುವಂತಿಲ್ಲ, ಮೌಸ್ ಹಿಡಿದವರು ಹೇಳಿದ್ದನ್ನೇ ಮಾಡಬೇಕು. 10 ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಜಾಗ ಬದಲಿಸಿ.

ಇಂಟರ್ನೆಟ್ ನಂಬಿಕೊಳ್ಳಬೇಡಿ. ಮಕ್ಕಳಿಗೆ ಕೋಡಿಂಗ್ ಕಲಿಸಲೆಂದೇ ಅಮೆರಿಕದ ಎಂಐಟಿಯವರು ಮಾಡಿದ ತಂತ್ರಾಂಶ 'ಸ್ಕ್ರ್ಯಾಚ್' ಅನ್ನು ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಹಣ ಕೊಡಬೇಕಿಲ್ಲ. ಹಿಂದಿನ ದಿನವೇ ಎಲ್ಲ ಯಂತ್ರಗಳಲ್ಲೂ ತೆರೆದು ನೋಡಿ. ಹತ್ತಿರದಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಿದ್ದರೆ ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಲು ಕೇಳಿ.

ಹೆಣ್ಣುಮಕ್ಕಳು ಹಿಂದೆ ಉಳಿಯುತ್ತಾರೆ. ಏನು ಮಾಡೋದು?

ಆಸಕ್ತಿ ಇಲ್ಲದೆ ಹಿಂದೆ ಉಳಿಯುವುದಲ್ಲ. ಮೌಸ್ ಅವರ ಕೈಗೆ ಬರುವುದೇ ಇಲ್ಲ. ಮೇಲೆ ಹೇಳಿದ ಗಂಟೆಯ ನಿಯಮ ಅರ್ಧ ಸಮಸ್ಯೆ ತೀರಿಸುತ್ತದೆ. ಇನ್ನರ್ಧಕ್ಕೆ ಕಣ್ಣೆದುರು ಮಾದರಿ ಬೇಕು. ಅಮೆರಿಕದ ಮೊದಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್‌ಗಳಲ್ಲಿ ಒಂದಾದ ಎನಿಯಾಕ್ ಯಂತ್ರಕ್ಕೆ 1945ರಲ್ಲಿ ಮೊದಲು ಪ್ರೋಗ್ರಾಮ್ ಮಾಡಿದವರು ಆರು ಮಂದಿ ಹೆಂಗಸರು ಎಂದು ಹೇಳಿ. ಆದರೆ ಅದಕ್ಕಿಂತ ಜಾಸ್ತಿ ಕೆಲಸ ಮಾಡುವುದು ನಿಮ್ಮದೇ ಶಾಲೆಯಲ್ಲಿ ಓದಿ, ಈಗ ಡಿಪ್ಲೊಮಾನೋ ಬಿಸಿಎನೋ ಮಾಡುತ್ತಿರುವ ಊರಿನ ಹುಡುಗಿ. ಅವಳನ್ನು ಕರೆಸಿ. "ಅಕ್ಕ, ನಿಮ್ಗೂ ಗಣಿತ ಕಷ್ಟ ಆಗ್ತಿತ್ತಾ?" ಎಂದು ಕೇಳಲು ಮಕ್ಕಳಿಗೆ ಧೈರ್ಯ ಬರುತ್ತದೆ.

ಎಐ ಬಗ್ಗೆ ಏನಾದರೂ ಮಾಡಲೇಬೇಕು ಅಂತಾರೆ.

ಮಾಡಿ. ಎಲೆಗಳಿಂದ ಶುರು ಮಾಡಿ. ಮಾವು, ಹಲಸು, ಬೇವು, ಅರಳಿ, ಹೊಂಗೆ ಎಲೆಗಳನ್ನು ಮಕ್ಕಳು ತರಲಿ. ಹೌದು ಅಥವಾ ಇಲ್ಲ ಎಂದು ಉತ್ತರ ಬರುವ ಪ್ರಶ್ನೆಗಳನ್ನಷ್ಟೇ ಕೇಳಿ ಎಲೆ ಗುರುತಿಸುವ ಮರದಂಥ ನಕ್ಷೆ ಬರೆಯಲಿ. ಅಂಚು ಗರಗಸದಂತಿದೆಯಾ? ತುದಿ ಬಾಲದಂತೆ ಉದ್ದವಾಗಿದೆಯಾ? ಆಮೇಲೆ ಪಟ್ಟಿಯಲ್ಲಿ ಇಲ್ಲದ ಸೀಬೆ ಎಲೆ ಕೊಡಿ. ನಕ್ಷೆ ಅದನ್ನೂ ಧೈರ್ಯವಾಗಿ ಏನೋ ಒಂದು ಹೆಸರಿಟ್ಟು ಕರೆಯುತ್ತದೆ. ಯಂತ್ರ ತಾನು ನೋಡದ್ದರ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಉತ್ತರ ಕೊಡಬಲ್ಲದು ಎಂದು 6ನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ.

ಸ್ಪರ್ಧಾತ್ಮಕ ಪರೀಕ್ಷೆಗಳು ಏನಾದರೂ ಇವೆಯಾ?

ಎರಡು ನೆನಪಿಟ್ಟುಕೊಳ್ಳಿ. ಒಂದು ಬೆಬ್ರಾಸ್. 2004ರಲ್ಲಿ ಲಿಥುವೇನಿಯಾದಲ್ಲಿ ಶುರುವಾಯಿತು. ಕೋಡಿಂಗ್ ಗೊತ್ತಿರಬೇಕಿಲ್ಲ, ಒಗಟಿನಂಥ ಪ್ರಶ್ನೆಗಳು. ಭಾರತದಲ್ಲಿ ಸಿಎಸ್‌ಪಾಠಶಾಲಾದವರು ನಡೆಸುತ್ತಾರೆ. ಇನ್ನೊಂದು ಇಂಡಿಯನ್ ಕಂಪ್ಯೂಟಿಂಗ್ ಒಲಿಂಪಿಯಾಡ್. ಇದು ಕಷ್ಟದ್ದು, ಗಣಿತದಲ್ಲಿ ಮುಳುಗಿ ಹೋಗುವ ಮಕ್ಕಳಿಗೆ. ಬಹುಮಾನದ ಆಸೆಗೆ ಇಡೀ ತರಗತಿಯನ್ನು ಇದಕ್ಕೆ ತಳ್ಳಬೇಡಿ.

ನಮ್ಮದು ಡಿಗ್ರಿ ಕಾಲೇಜು. ಹ್ಯಾಕಥಾನ್ ಬಿಟ್ಟು ಬೇರೇನು ಮಾಡಬಹುದು?

ಹ್ಯಾಕಥಾನ್, ಅಂದರೆ ಒಂದೇ ಪಟ್ಟಿಗೆ ಕೂತು ಪ್ರೋಗ್ರಾಮ್ ಮಾಡುವ ಸ್ಪರ್ಧೆ, ಮಾಡಿ. ಆದರೆ ಸಮಸ್ಯೆ ಊರಿನದೇ ಆಗಿರಲಿ. ಡೈರಿಯ ಹಾಲಿನ ಲೆಕ್ಕ, ಎಪಿಎಂಸಿಯ ದರ, ಕಾಲೇಜು ಗ್ರಂಥಾಲಯದ ಕನ್ನಡ ಪುಸ್ತಕಗಳ ಹುಡುಕಾಟ. ಒಂದು ರಾತ್ರಿಯಲ್ಲಿ ಮುಗಿಸಿ ಮರೆತುಬಿಡುವ ಬದಲು ಒಂದು ಸೆಮಿಸ್ಟರ್ ಬಳಸಿ, ತಿದ್ದಿ, ಮತ್ತೆ ತೋರಿಸಲಿ.

ಇನ್ನೊಂದು, ನನ್ನ ಮನಸ್ಸಿಗೆ ತುಂಬ ಹತ್ತಿರವಾದದ್ದು: ಹತ್ತಿರದ ಸರ್ಕಾರಿ ಶಾಲೆಗೆ ವಿದ್ಯಾರ್ಥಿಗಳನ್ನು ಕಳಿಸಿ. ಎನ್‌ಎಸ್‌ಎಸ್ ಮೂಲಕ ಹೋದರೆ ಸುಲಭ. ಷರತ್ತುಗಳು ಮೂರು. ಪಿಪಿಟಿ ಒಯ್ಯಬಾರದು. ಕನ್ನಡದಲ್ಲೇ ಮಾತಾಡಬೇಕು. ಒಂದೇ ಸಲ ಹೋಗಿ ಫೋಟೊ ತೆಗೆಸಿಕೊಂಡು ಬರುವಂತಿಲ್ಲ, ಕನಿಷ್ಠ ಮೂರು ಸಲ ಹೋಗಬೇಕು. ಕಲಿಸಲು ಹೋದ ವಿದ್ಯಾರ್ಥಿಗಳು ವಾಪಸ್ ಬಂದು ಹೇಳುವುದು ಯಾವಾಗಲೂ ಒಂದೇ: "ಸರ್, ರಿಕರ್ಷನ್ ನನಗೇ ಸರಿಯಾಗಿ ಗೊತ್ತಿರಲಿಲ್ಲ." (ರಿಕರ್ಷನ್ ಅಂದರೆ ಪ್ರೋಗ್ರಾಮ್ ತನ್ನನ್ನೇ ಮತ್ತೆ ಕರೆದುಕೊಳ್ಳುವುದು.) ಅಂಥ ಮಾತು ಕೇಳಿದರೆ ಉಪನ್ಯಾಸಕರಿಗೆ ಇನ್ನೇನು ಬೇಕು?

ಕನ್ನಡ ವಿಕಿಪೀಡಿಯಕ್ಕೆ ಕಂಪ್ಯೂಟರ್ ವಿಜ್ಞಾನದ ಲೇಖನ ಬರೆಸುವುದೂ ಒಳ್ಳೆಯ ಕೆಲಸ. ಆದರೆ ಯಂತ್ರಾನುವಾದ ಹಾಕಿ ತುಂಬಿಸಲು ಬಿಡಬೇಡಿ.

ಉದ್ಘಾಟನೆ, ಮುಖ್ಯ ಅತಿಥಿ?

ಅರ್ಧ ಗಂಟೆಗೆ ಮುಗಿಸಿ. ಅತಿಥಿಗಳು ಭಾಷಣದ ಬದಲು ಮಕ್ಕಳ ಜೊತೆ ಒಂದು ಚಟುವಟಿಕೆಯಲ್ಲಿ ಕೂರಲಿ.

ಖರ್ಚು ಎಷ್ಟಾಗಬಹುದು?

ರಟ್ಟು, ದಾರ, ಚಾಕ್‌ಪೀಸ್, ಚುರುಮುರಿ ಸಾಮಾನು. ಎಸ್‌ಡಿಎಂಸಿಯವರ ಹತ್ತಿರ ಕೇಳಲು ಸಂಕೋಚ ಪಡಬೇಕಾದ ಮೊತ್ತವೇನಲ್ಲ. ಟ್ರೋಫಿಗೆ ದುಡ್ಡು ಹಾಕಬೇಡಿ. ಅದರಲ್ಲಿ ಇನ್ನೊಂದು ಮೌಸ್ ಬರುತ್ತದೆ.

"ಇದರಿಂದ ಎಸ್ಸೆಸ್ಸೆಲ್ಸಿಗೆ ಮಾರ್ಕ್ಸ್ ಬರುತ್ತಾ?" ಎಂದು ಪೋಷಕರು ಕೇಳಿದರೆ?

ನೇರವಾಗಿ ಬರುವುದಿಲ್ಲ ಎಂದೇ ಹೇಳಿ. ಆಮೇಲೆ ಶನಿವಾರ ಮಧ್ಯಾಹ್ನ ಅವರನ್ನೇ ಶಾಲೆಗೆ ಕರೆಸಿ. ಮಕ್ಕಳು ಶಿಕ್ಷಕರಾಗಲಿ, ಅಪ್ಪ ಅಮ್ಮ, ಅಜ್ಜ ಅಜ್ಜಿ ವಿದ್ಯಾರ್ಥಿಗಳಾಗಲಿ. ಹಣ ಬರಬೇಕಾದರೆ ಯುಪಿಐ ಪಿನ್ ಹಾಕಬೇಕಿಲ್ಲ, ಪಿನ್ ಬೇಕಾಗುವುದು ಹಣ ಕಳಿಸಲು ಎಂಬುದನ್ನು ಮೊಮ್ಮಗಳ ಬಾಯಿಂದ ಕೇಳಿದ ಅಜ್ಜಿ ಮೋಸ ಹೋಗುವುದು ಕಷ್ಟ. ಹಾಗೂ ಮೋಸವಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕೆಂದು ಮಕ್ಕಳು ಒಂದು ಚೀಟಿಯಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಲಿ. ಒಂದು ಶಾಲೆಯಲ್ಲಿ ಹೀಗೆ ಮಾಡಿದ ಮೇಲೆ ಮಾರ್ಕ್ಸ್ ಬಗ್ಗೆ ಯಾರೂ ಮತ್ತೆ ಕೇಳಲಿಲ್ಲ.

ವಾರ ಮುಗಿದ ಮೇಲೆ?

ವಾರಕ್ಕೊಂದು ದಿನ, ಶಾಲೆ ಬಿಟ್ಟ ಮೇಲೆ 40 ನಿಮಿಷ. ಎಂಟು ಮಕ್ಕಳು ಬಂದರೂ ನಡೆಸಿ. ನಮ್ಮಲ್ಲಿ ಗುರುವಾರ ಸೇರುತ್ತೇವೆ. ಬಾಗಿಲ ಪಕ್ಕದ ಹಲಗೆಯ ಮೇಲೆ ಯಾರಾದರೂ ಒಬ್ಬ ಮಗು ಒಂದು ಒಗಟು ಬರೆದಿಡುತ್ತದೆ. ಮುಂದಿನ ಗುರುವಾರದವರೆಗೆ ಅದನ್ನು ಅಳಿಸುವಂತಿಲ್ಲ. ಈ ವಾರದ್ದು 7ನೇ ತರಗತಿಯ ಹುಡುಗನದು: "1ರಿಂದ 100ರೊಳಗೆ ಒಂದು ಸಂಖ್ಯೆ ಅಂದುಕೊಂಡಿದ್ದೀನಿ. ಹೌದು, ಇಲ್ಲ ಅಂತ ಮಾತ್ರ ಹೇಳ್ತೀನಿ. ಏಳೇ ಪ್ರಶ್ನೆಯಲ್ಲಿ ಹಿಡೀತೀರಾ?"